ಬೀಗರಿಗೆ ತೋರಿಸಿದ ಸಿನಿಮಾ

ನನ್ನ ಸೋದರತ್ತೆಯ ಮಗನಿಗೆ ಮದುವೆಯಾಗಿ ಎರಡು ವರ್ಷ ಕಳೆದು, ಮನೆಯಲ್ಲಿ ತೊಟ್ಟಿಲು ತೂಗುತ್ತಿದ್ದರೂ ಅತ್ತೆಯ ಪ್ರಕಾರ ಆ ಮದುವೆ ಇನ್ನೂ ಮುಗಿದಿರಲಿಲ್ಲ. ಬೀಗರಿಗೆ ಸಿನಿಮಾ ತೋರಿಸುವುದು ಬಾಕಿ ಇತ್ತು.

ಇದು ಬನಹಟ್ಟಿಯ ಎಲ್ಲ ಮನೆಗಳ ಪದ್ಧತಿಯೋ, ಅತ್ತೆಯ ಓಣಿಯದು ಮಾತ್ರವೋ, ಖಚಿತವಾಗಿ ಹೇಳಲಾರೆ. ಆ ಓಣಿಯಲ್ಲಂತೂ ಮದುವೆಯಾದ ವಾರದೊಳಗೆ ಗಂಡಿನ ಕಡೆಯವರು ಹೆಣ್ಣಿನ ಕಡೆಯವರನ್ನು ಕರೆಸಿ, ಹೋಳಿಗೆ ಊಟ ಹಾಕಿ, ಟಾಕೀಸಿಗೆ ಕರೆದೊಯ್ಯುತ್ತಿದ್ದರು. ಬಾಲ್ಕನಿಯ ಮುಂದಿನ ಸಾಲು ಬೀಗರಿಗೆ. ಯಾವ ಸಿನಿಮಾ ಎಂದು ಯಾರೂ ಕೇಳುತ್ತಿರಲಿಲ್ಲ. ಅಂದು ಯಾವುದು ನಡೆದಿದೆಯೋ ಅದು. ಕೊಡು ಕೊಳ್ಳುವ ಮಾತುಕತೆಯಲ್ಲಿ ಬಿಗಿದುಕೊಂಡ ಮುಖಗಳು ಕತ್ತಲಲ್ಲಿ ಸಡಿಲವಾಗುತ್ತಿದ್ದವು. ಒಂದೇ ಪೊಟ್ಟಣದ ಶೇಂಗಾ ಎರಡು ಮನೆಯವರ ಕೈಯಲ್ಲಿ ಓಡಾಡುತ್ತಿತ್ತು. ಹೊರಗೆ ಬರುವಾಗ ಒಬ್ಬರನ್ನೊಬ್ಬರು ಚೇಷ್ಟೆ ಮಾಡುತ್ತ ಬರುತ್ತಿದ್ದರು.

ಅತ್ತೆಯ ಸ್ವಂತ ಮದುವೆಯಲ್ಲೂ ಹೀಗೇ ಆಗಿತ್ತು. ನಾವು ಮುಧೋಳದವರು, ಹೆಣ್ಣಿನ ಕಡೆಯವರು. ನಾನಾಗ ನಾಲ್ಕೋ ಐದೋ ವರ್ಷದವನು, ಮುಂದಿನ ಸಾಲಿಗೆ ಹಕ್ಕುದಾರ. ಆ ಸಿನಿಮಾದಲ್ಲಿ ಒಂದು ಬಿಳಿ ಕುದುರೆ ಇತ್ತು. ನಾಯಕ ಅದರ ಮೇಲೆ ತಂಗಿಯ ಮದುವೆಯ ಬಳೆ ಹೊತ್ತು ಹೊಳೆ ದಾಟುತ್ತಾನೆ. ನಡುಹೊಳೆಯಲ್ಲಿ ಕುದುರೆ ನಿಂತು ಹಿಂದಿರುಗಿ ನೋಡುತ್ತದೆ. ಅತ್ತೆ ಇದನ್ನು ಎಷ್ಟು ಸಲ ಹೇಳಿದ್ದಾಳೋ. ನನಗೂ ಅದು ಕಣ್ಣಿಗೆ ಕಟ್ಟಿದಂತಿದೆ: ಹೊಟ್ಟೆಯಿಂದ ತೊಟ್ಟಿಕ್ಕುವ ನೀರು, ಒದ್ದೆಯಾದ ಬಾಲ, ಬಳೆಗಳ ಸದ್ದು. ಇಷ್ಟು ಚೆನ್ನಾಗಿ ನೆನಪಿರುವುದರ ಮೇಲೆಯೇ ನನಗೆ ಗುಮಾನಿ. ಐದು ವರ್ಷದವನು ಆ ಹೊತ್ತಿಗೆ ಯಾರದೋ ತೊಡೆಯ ಮೇಲೆ ನಿದ್ದೆ ಹೋಗಿರಬೇಕಲ್ಲವೇ?

ಧಾರವಾಡದಲ್ಲಿ ಓದುವಾಗ ಹತ್ತಿದ ಚಟ ಇದು. ಯಾರು ಏನು ಹೇಳಿದರೂ ‘ನಿಮಗೆ ಹೇಗೆ ಗೊತ್ತು’ ಎಂದು ಕೇಳಬೇಕೆನಿಸುತ್ತದೆ. ಕಾಲೇಜಿನಲ್ಲಿ ಪಾಠ ಮಾಡುವಾಗ ಅದು ಉಪಯೋಗಕ್ಕೆ ಬರುತ್ತದೆ, ನೆಂಟರ ಮನೆಯಲ್ಲಿ ಬರುವುದಿಲ್ಲ. ಅತ್ತೆ ನನ್ನನ್ನು ‘ಸಾಕ್ಷಿ ಮಾಸ್ತರ’ ಎಂದೇ ಕರೆಯುವುದು.

ಅವಳ ಮಗನ ಮದುವೆ ನಡೆದದ್ದು ಕೊರೊನಾದ ಮೊದಲ ವರ್ಷ, ಮನೆಯ ಮಗ್ಗದ ಖೋಲಿಯಲ್ಲಿ. ನೂಲು ಬರದೆ ವಿದ್ಯುತ್ ಮಗ್ಗಗಳು ನಿಂತಿದ್ದವು. ಅವುಗಳ ಮೇಲೆ ಜಮಖಾನೆ ಹೊದಿಸಿ, ತೋರಣ ಕಟ್ಟಿ, ನಡುವಿನ ಸಂದಿಯಲ್ಲಿ ಅಕ್ಷತೆ ಹಾಕಿದೆವು. ಹೆಣ್ಣಿನ ಕಡೆಯವರು ಜಮಖಂಡಿ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವರು. ಹುಡುಗಿಯ ತಾಯಿ, ಅತ್ತೆಗೆ ಬೀಗಿತ್ತಿ, ಸೀರೆಯ ಅಂಚಿನದೇ ಮಾಸ್ಕ್ ಹೊಲಿಸಿಕೊಂಡು ಬಂದಿದ್ದರು. ಮಾಸ್ಕಿನ ಹಿಂದೆ ನಗುತ್ತಿದ್ದಾರೋ ಇಲ್ಲವೋ ತಿಳಿಯುವಂತಿರಲಿಲ್ಲ. ಪೇಟೆಗೆಲ್ಲ ಊಟ ಹಾಕಿಸಿ ಮಾಡಬೇಕಿದ್ದ ಮಗಳ ಮದುವೆ ಮಗ್ಗಗಳ ಸಂದಿಯಲ್ಲಿ ಮುಗಿದುಹೋಯಿತೆಂಬ ಬೇಸರ ಅವರಿಗೆ.

“ಇರ್ಲಿ ಬಿಡ್ರಿ, ಕಾಲ ಹಂಗೈತಿ,” ಎಂದರು ಹೊರಡುವಾಗ.

ಆ ‘ಇರ್ಲಿ ಬಿಡ್ರಿ’ ಅತ್ತೆಗೆ ನಾಟಿತು. “ಟಾಕೀಸಿನಾಗ ಒಮ್ಮಿ ಬಾಜೂಕ ಕುಂತ್ರ ಎಲ್ಲಾ ಸರಿ ಅಕ್ಕೈತಿ,” ಎಂದಳು ನನ್ನ ಕಿವಿಯಲ್ಲಿ. ಟಾಕೀಸು ಮುಚ್ಚಿ ಆಗಲೇ ತಿಂಗಳುಗಳಾಗಿದ್ದವು.

ಮುಂದೆ ಕೆಲವು ತಿಂಗಳಿಗೆ ಸೊಸೆಯೇ ಒಂದು ಉಪಾಯ ತೆಗೆದಳು. ಅತ್ತೆಯ ಮದುವೆಯಲ್ಲಿ ನೋಡಿದ ಆ ಹಳೆಯ ಸಿನಿಮಾ ಫೋನಿನ ಯಾವುದೋ ಆ್ಯಪಿನಲ್ಲಿ ಬಂದಿತ್ತು. ಅದನ್ನು ಹೊಸ ಟೀವಿಗೆ ಜೋಡಿಸಿ ಅತ್ತೆಮನೆಯವರು, ತವರಿನವರು ಇಬ್ಬರನ್ನೂ ಕೂರಿಸಿ ತೋರಿಸಿದರೆ ಪದ್ಧತಿಯೂ ಆಯಿತು, ಮನೆಯೂ ಬಿಡಬೇಕಿಲ್ಲ. ಬೀಗರು ಜೀಪು ಮಾಡಿಕೊಂಡು ಬಂದರು. ಊಟವಾಯಿತು. ಎಲ್ಲರೂ ಪಡಸಾಲೆಯಲ್ಲಿ ಕೂತೆವು. ಅತ್ತೆ ಕುದುರೆಗಾಗಿ ಕಾಯತೊಡಗಿದಳು.

ಹೊಳೆ ಬಂತು. ನಾಯಕ ಬಂದ. ಎತ್ತಿನ ಚಕ್ಕಡಿಯಲ್ಲಿ ದಾಟಿ ಹೋದ.

“ಹಿಂದಕ್ಕ ತಿರುಗಸವ್ವಾ,” ಎಂದಳು ಅತ್ತೆ. ಸೊಸೆ ತಿರುಗಿಸಿದಳು. ಮತ್ತೆ ಚಕ್ಕಡಿ. ಇನ್ನೊಮ್ಮೆ ತಿರುಗಿಸಿದರೂ ಅದೇ ಎತ್ತುಗಳು.

“ನಾನೂ ಇದನ್ನ ಜಮಖಂಡ್ಯಾಗ ನೋಡೇನ್ರಿ,” ಎಂದರು ಬೀಗಿತ್ತಿ. “ಕುದರಿ ಇರಲಿಲ್ಲ.”

“ಬನಹಟ್ಟ್ಯಾಗ ಇತ್ರಿ.”

“ಸಿನಿಮಾ ಒಂದಽ ಅಲ್ಲೇನ್ರಿ?”

“ಒಂದಽ. ಆದ್ರ ಬನಹಟ್ಟ್ಯಾಗ ಕುದರಿ ಇತ್ತು.” ಅತ್ತೆ ನನ್ನ ಕಡೆ ತಿರುಗಿದಳು. “ಹೇಳಲೇ ಸಾಕ್ಷಿ ಮಾಸ್ತರ, ನೀನೂ ಇದ್ದಿ.”

“ನೋಡಿದಂಗ ನೆನಪೈತಿ ಅತ್ತಿ. ಆದ್ರ ನನ್ನ ನೆನಪಿನ ಮ್ಯಾಲ ನನಗಽ ಭರೋಸಾ ಇಲ್ಲ.”

“ನೋಡ್ರಿ, ಇಷ್ಟು ಓದಿಸಿದ್ದಕ್ಕ ಇದು ಬಂದ ಉತ್ತರ!”

ಅಷ್ಟರಲ್ಲಿ ಕರೆಂಟು ಹೋಯಿತು. ಆಗ ಆದದ್ದು ನನಗೆ ಚೆನ್ನಾಗಿ ನೆನಪಿದೆ. ಇದನ್ನು ಮಾತ್ರ ನಾನು ನಂಬುತ್ತೇನೆ. ಮಗ್ಗದ ಊರಿನಲ್ಲಿ ಕರೆಂಟು ಹೋಗುವುದೆಂದರೆ ಬಿಡುವು. ದಿನವಿಡೀ ಕಿವಿಗೆ ಬಡಿಯುವ ಸದ್ದು ತಟ್ಟನೆ ನಿಲ್ಲುತ್ತದೆ, ನಿಂತ ಕೂಡಲೇ ಎಲ್ಲರೂ ಎದ್ದು ಚಹಾಕ್ಕೆ ಹೊರಗೆ ನಡೆಯುತ್ತಾರೆ. ಯೋಚಿಸಿ ಏಳುವುದಲ್ಲ, ಕಾಲುಗಳೇ ಏಳುತ್ತವೆ. ಮಗ್ಗ ನಡೆಯದ ಆ ದಿನವೂ ಅತ್ತೆ, ಮಾವ, ಅವರ ಮಗ ಒಟ್ಟಿಗೆ ಎದ್ದು ಅಂಗಳಕ್ಕೆ ಹೋಗಿಬಿಟ್ಟರು. ಜಮಖಂಡಿಯ ಬೀಗರು ಒಬ್ಬರೂ ಅಲುಗಲಿಲ್ಲ. ಅವರದು ಅಂಗಡಿ. ದೀಪ ಆರಿದರೆ ದುಡ್ಡಿನ ಗಲ್ಲೆ ಬಿಟ್ಟು ಏಳಬಾರದು. ಬೀಗಿತ್ತಿ ತೊಡೆಯ ಮೇಲಿನ ಚೀಲವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಕತ್ತಲಲ್ಲಿ ನೆಟ್ಟಗೆ ಕೂತಿದ್ದರು.

ಕರೆಂಟು ಬಂದಾಗ ಸಿನಿಮಾ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಯಿತು. ಯಾರಿಗೂ ಏನೂ ತಪ್ಪಿರಲಿಲ್ಲ, ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಮುಗಿದ ಮೇಲೆ ಬೀಗಿತ್ತಿ ಸೆರಗು ಸರಿಮಾಡಿಕೊಂಡು ಎದ್ದರು.

“ಆತ್ರಿ, ಸಿನಿಮಾ ತೋರಿಸಿದ್ರಿ.”

“ಇದು ಸಿನಿಮಾ ಅಲ್ರಿ,” ಎಂದಳು ಅತ್ತೆ. “ಇದು ಟೀವಿ.”

ಟಾಕೀಸು ಒಮ್ಮೆ ತೆರೆಯಿತು, ಮತ್ತೆ ಮುಚ್ಚಿತು, ಮತ್ತೆ ತೆರೆಯಿತು. ಆದರೆ ಮಂದಿ ಮರಳಲಿಲ್ಲ. ಮುಧೋಳದಲ್ಲೂ ಬೀಳಗಿಯಲ್ಲೂ ಅದೇ ಮಾತು: ನಾಲ್ಕು ವಾರ ತಡೆದರೆ ಫೋನಿಗೇ ಬರುತ್ತದೆ, ಯಾಕೆ ಹೋಗಬೇಕು? ನನ್ನ ವಿದ್ಯಾರ್ಥಿಗಳು ಹಿಂದಿನ ಬೆಂಚಿನಲ್ಲಿ ಒಂದು ಪೂರ್ತಿ ಸಿನಿಮಾವನ್ನು ವಾರವಿಡೀ ಕಂತುಗಳಲ್ಲಿ ನೋಡುತ್ತಿದ್ದುದನ್ನು ನಾನೇ ಹಿಡಿದಿದ್ದೇನೆ. ಹಿಡಿದ ಮೇಲೆ ಕೊನೆ ಏನಾಯಿತೆಂದು ಕೇಳಿದ್ದೂ ಉಂಟು.

ಅತ್ತೆ ಮಾತ್ರ ಟಾಕೀಸಿನ ಮ್ಯಾನೇಜರರ ಹತ್ತಿರ ಹೋಗಿ, ಮಗ್ಗಗಳಿಗೆ ವಾರದ ರಜೆ ಇರುವ ದಿನ ಬಾಲ್ಕನಿಯ ಮುಂದಿನ ಸಾಲು ಬೇಕೆಂದಳು.

“ಮುಂದಿಂದ್ಯಾಕ ಅಕ್ಕಾರ, ಎಲ್ಲಾ ಸಾಲೂ ನಿಮ್ಮವಽ,” ಎಂದರು ಅವರು. “ಮಧ್ಯಾನದ ಆಟಕ್ಕ ಹತ್ತು ಮಂದಿ ಬಂದ್ರ ಅದರಾಗ ಅರ್ಧ ಮಂದಿ ಫ್ಯಾನಿನ ಬುಡಕ ಮಲಗಾಕ ಬರ್ತಾರ. ಇಪ್ಪತ್ತೈದು ಮಂದಿ ಕೂಡಲಿಲ್ಲಂದ್ರ ಮಷಿನ್ ಚಾಲೂ ಮಾಡೂದಿಲ್ಲರಿ. ಮೊದಲಽ ಹೇಳೀನಿ.”

“ಕೂಡ್ತಾರ,” ಎಂದಳು ಅತ್ತೆ.

ಆ ದಿನ ಕೂಡಲಿಲ್ಲ. ಜಮಖಂಡಿಯಿಂದ ಎಂಟು ಜನ, ನಾವು ಐದು, ಒಳಗೆ ಮಲಗಲು ಬಂದ ಇಬ್ಬರು. ಗೇಟು ಅರ್ಧ ತೆರೆದಿತ್ತು. ಮ್ಯಾನೇಜರರು ಗಡಿಯಾರ ನೋಡಿಕೊಂಡು ಮುಖ ಸಣ್ಣದು ಮಾಡಿಕೊಂಡು ನಿಂತಿದ್ದರು. ಬೇವಿನ ಗಿಡದ ಕೆಳಗೆ ರೇಶಿಮೆ ಸೀರೆಯಲ್ಲಿ ಬೆವರುತ್ತಿದ್ದ ಬೀಗಿತ್ತಿ ಹೇಳಿದರು: “ಇರ್ಲಿ ಬಿಡ್ರಿ ಅಕ್ಕಾರ. ಮನಿಗೆ ಹೋಗಿ ಟೀವಿ ಹಚ್ಚೂಣು.”

ಮತ್ತೆ ‘ಇರ್ಲಿ ಬಿಡ್ರಿ.’ ಅತ್ತೆ ಮೊಮ್ಮಗನನ್ನು ಸೊಸೆಯ ಕೈಗೆ ಕೊಟ್ಟು ನನಗೆ, “ಗಾಡಿ ತಗೀ,” ಎಂದಳು.

ಸ್ಕೂಟರಿನ ಹಿಂದೆ ಕೂರಿಸಿಕೊಂಡು ಓಣಿಗೆ ಬಂದೆ. ಮಗ್ಗಗಳಿಗೆ ರಜೆ, ಓಣಿ ಶಾಂತ. ಕಟ್ಟೆಯ ಮೇಲೆ, ಹೊರಸಿನ ಮೇಲೆ ಎಲ್ಲರೂ ಅಡ್ಡಾಗಿ ಫೋನು ಹಿಡಿದಿದ್ದರು. ಅತ್ತೆ ಇಳಿದು ನಡುಓಣಿಯಲ್ಲಿ ನಿಂತಳು. ಮಗ್ಗದ ಸದ್ದಿನ ಮೇಲೆ ನಲವತ್ತು ವರ್ಷ ಮಾತಾಡಿದ ಗಂಟಲು ಅದು. ಸದ್ದಿಲ್ಲದ ದಿನ ಎಲ್ಲಿಯವರೆಗೆ ಮುಟ್ಟಿತೋ.

“ನಮ್ಮ ಬೀಗರು ಟಾಕೀಸಿನ ಬಾಗಲದಾಗ ನಿಂತಾರ! ಜಮಖಂಡಿ ಮಂದಿ! ಬನಹಟ್ಟ್ಯಾಗ ಒಂದು ಸಿನಿಮಾಕ್ಕ ಜನ ಕೂಡಂಗಿಲ್ಲಂತ ಹೊಳ್ಳಿ ಹೊಂಟಾರ!”

ಎದುರು ಮನೆಯ ಹಿರಿಯರೊಬ್ಬರು ಹೊರಸಿನಿಂದ ತಲೆ ಎತ್ತಿದರು. “ಯಾವ ಸಿನಿಮಾಬೇ ಅದು?”

“ಯಾವದಾರ ಇರಲಿ, ನಿನಗ್ಯಾಕ ಬೇಕು? ಅಂಗಿ ಹಾಕ್ಕೊಂಡ ಬಾ.”

“ಬರೂ ತಿಂಗಳ ಫೋನಿನಾಗ ಬರ್ತೈತೆಲ್ಲ?”

“ಬರೂ ತಿಂಗಳ ನಮ್ಮ ಬೀಗರು ಫೋನಿನಾಗ ಬರ್ತಾರೇನು?”

ಓಣಿಯೆಲ್ಲ ನಕ್ಕಿತು. ನಕ್ಕ ಮೇಲೆ ಎದ್ದಿತು. ಒಬ್ಬರ ಬೀಗರು ಬಾಗಿಲಲ್ಲಿ ನಿಂತರೆ ಇಡೀ ಓಣಿಗೆ ಅವಮಾನ. ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಹೆಂಗಸರು ತಲೆ ಬಾಚಿಕೊಳ್ಳುತ್ತಲೇ ನಡೆದರು. ಬೈಕಿನ ಮೇಲೆ ಮೂವರು ಮೂವರು. ಒಬ್ಬ ಅಜ್ಜಿ ಬೆನ್ನಿಗೆ ಇರಲೆಂದು ದಿಂಬು ತೆಗೆದುಕೊಂಡೇ ಆಟೋ ಹತ್ತಿದಳು. ನನ್ನ ನೆನಪಿನಲ್ಲಿ ಬಾಲ್ಕನಿ ತುಂಬಿ ಮೆಟ್ಟಿಲ ಮೇಲೂ ಜನ ಕೂತಿದ್ದರು. ಅತ್ತೆಯನ್ನು ಕೇಳಿದರೆ ಕೆಳಗೂ ತುಂಬಿತ್ತು ಎನ್ನುತ್ತಾಳೆ. ನಮ್ಮಿಬ್ಬರಲ್ಲಿ ಯಾರನ್ನೂ ಪೂರ್ತಿ ನಂಬಬೇಡಿ. ಆದರೆ ಆಟ ಶುರುವಾಯಿತು. ಮ್ಯಾನೇಜರರು ತಾವೇ ಬಂದು ಬೀಗಿತ್ತಿಯ ಸೀಟನ್ನು ಅಂಗವಸ್ತ್ರದಿಂದ ಒರೆಸಿದರು.

ಸಿನಿಮಾ ದೊಡ್ಡ ಊರಿನದು. ಗಾಜಿನ ಕಟ್ಟಡಗಳು, ಕಾರುಗಳು, ಪಿಸ್ತೂಲು. ನಮ್ಮವರು ಸುಮ್ಮನೆ ನೋಡುವವರಲ್ಲ. “ಹಿಂದ ನೋಡಲೇ, ಬಂದಾನ ನೋಡು!” ಎಂದು ನಾಯಕನಿಗೆ ಎಚ್ಚರಿಕೆ ಕೊಡುವವರು ಒಬ್ಬರು, ನಾಯಕಿಯ ಸೀರೆ ನೋಡಿ “ಅದು ನಮ್ಮ ಮಗ್ಗದ್ದಲ್ಲ ಬಿಡು, ಬಣ್ಣ ಬಿಡ್ತೈತಿ,” ಎನ್ನುವವರು ಇನ್ನೊಬ್ಬರು. ಆ ಸೀರೆಯ ಮಾತಿಗೆ ಬೀಗಿತ್ತಿ ಮೊದಲ ಸಲ ಬಾಯಿಬಿಟ್ಟು ನಕ್ಕು, “ಖರೆ, ಒಂದಽ ಒಗತಕ್ಕ ಹೋಗ್ತೈತಿ,” ಎಂದರು. ಶೇಂಗಾದ ಪೊಟ್ಟಣ ನನ್ನನ್ನು ದಾಟಿ ಅವರ ಕೈಗೆ ಹೋಯಿತು.

ಆಗ ಕರೆಂಟು ಹೋಯಿತು.

ಇಡೀ ಬಾಲ್ಕನಿ ಎದ್ದು ನಿಂತಿತು. ಯಾರೂ ಸೀಟಿ ಹೊಡೆಯಲಿಲ್ಲ, ಯಾರೂ ಬೈಯಲಿಲ್ಲ. ಸದ್ದು ನಿಂತಿತು, ಅಷ್ಟೇ. ಎಲ್ಲರೂ ಮೆಟ್ಟಿಲಿಳಿದು ಹೊರಟರು. ಬೀಗಿತ್ತಿ ಅಭ್ಯಾಸದಂತೆ ಚೀಲವನ್ನು ಒತ್ತಿ ಹಿಡಿದು ಕೂತರು.

“ಎಲ್ಲಾರೂ ಎಲ್ಲಿ ಹೊಂಟ್ರು?”

“ಚಾಕ್ಕರಿ,” ಎಂದಳು ಅತ್ತೆ. ಅವಳ ತೊಡೆಯ ಮೇಲೆ ಮೊಮ್ಮಗ ನಿದ್ದೆ ಹೋಗಿದ್ದ, ಅವಳು ಏಳುವಂತಿರಲಿಲ್ಲ. “ನೀವೂ ಹೋಗ್ರಿ. ಚೀಲ ನಾ ನೋಡ್ಕೋತೇನಿ.”

ಫೋನಿನ ಬೆಳಕಿನಲ್ಲಿ ನಾನು ದಾರಿ ತೋರಿಸುತ್ತ ನಿಂತಿದ್ದೆ. ಬೀಗಿತ್ತಿ ಚೀಲವನ್ನು ನೋಡಿದರು, ಅತ್ತೆಯನ್ನು ನೋಡಿದರು. ಆಮೇಲೆ ಚೀಲವನ್ನು ಅತ್ತೆಯ ಮಗ್ಗುಲಿಗೆ, ಕೂಸಿನ ಕಾಲ ಹತ್ತಿರ ಇಟ್ಟು, ಬರಿಗೈಯಲ್ಲಿ ಎದ್ದು ಬಂದರು. ಮಗಳು ಬಾಗಿಲ ಹತ್ತಿರ ನಿಂತು, “ನಮ್ಮವ್ವ ಚೀಲ ಬಿಟ್ಟಾಳ!” ಎಂದು ಗಂಡನ ಮೊಣಕೈ ತಿವಿದದ್ದು ನನಗೆ ಕೇಳಿಸಿತು.

ಹೊರಗೆ ಚಹಾದ ಗಾಡಿಯ ಸುತ್ತ ಓಣಿಯೇ ನೆರೆದಿತ್ತು. ಒಳಗೆ ಜನರೇಟರು ಗುರುಗುಟ್ಟಿ, ಯಂತ್ರ ಮೆಲ್ಲಗೆ ಜೀವ ತಾಳಿ, ಸಿನಿಮಾದ ಸದ್ದು ಶುರುವಾಯಿತು. ಯಾರೂ ಕದಲಲಿಲ್ಲ.

“ಚಾಲೂ ಆತಲ್ರಿ?” ಎಂದರು ಬೀಗಿತ್ತಿ ಗಾಬರಿಯಿಂದ.

“ಆಗಲಿ ತಗೋರಿ,” ಎಂದರು ಎದುರು ಮನೆಯ ಹಿರಿಯರು. “ಒಳಗಿದ್ದವ್ರು ಹೇಳ್ತಾರ.”

ಬೀಗಿತ್ತಿ ಒಂದು ಕ್ಷಣ ತಡೆದು, ಚಹಾವನ್ನು ಕಪ್ಪಿನಡಿಯ ಬಸಿಗೆ ಬಗ್ಗಿಸಿಕೊಂಡು ಊದಿ ಊದಿ ಕುಡಿದರು. ಇನ್ನೊಂದು ಅರ್ಧ ಕಪ್ಪನ್ನೂ ಕೇಳಿದರು.

ಮರಳಿ ಬಂದು ಕೂತ ಕೂಡಲೇ ಅವರ ಮೊದಲ ಮಾತು ಚೀಲದ್ದಲ್ಲ. “ಏನಾತ್ರಿ?” ಎಂದರು.

ಅತ್ತೆಗೆ ಪಿಸುಮಾತು ಬರುವುದಿಲ್ಲ. “ಆ ದಾಡೀಯಾಂವ ಇದ್ನಲ್ರಿ, ಅಂವಾ ಹುಡುಗೀನ ಕಾರಿನಾಗ ಹಾಕ್ಕೊಂಡ ಹೊಂಟಿದ್ದ. ಅಷ್ಟೊತ್ತಿಗೆ ಒಂದು ಬಿಳಿ ಕುದರಿ ಬಂತ್ರಿ.”

“ಕುದರೀ?”

“ಕುದರಿ. ರಸ್ತೇದ ನಡಬರಕ ನಿಂತು ಹೊಳ್ಳಿ ನೋಡ್ತು ನೋಡ್ರಿ, ಕಾರಽ ನಿಂತಬಿಡ್ತು!”

“ಅಯ್ಯ ಶಿವನ, ನಾ ತಪ್ಪಿಸ್ಕೊಂಡ್ನೆಲ್ಲ!”

ಹಿಂದಿನ ಸಾಲಿನವರು ಕುತ್ತಿಗೆ ಚಾಚಿದರು. ಅವರ ಹಿಂದಿನವರು ಅವರನ್ನು ಕೇಳಿದರು. ಕುದುರೆ ಸಾಲಿನಿಂದ ಸಾಲಿಗೆ ಹಿಂದಕ್ಕೆ ಹೋಯಿತು. ಕೊನೆಯ ಸಾಲಿಗೆ ಮುಟ್ಟುವ ಹೊತ್ತಿಗೆ ಅದರ ಮೇಲೆ ಒಬ್ಬ ಸವಾರನೂ ಇದ್ದ. ನಾನು ಅತ್ತೆಯ ಮುಖ ನೋಡಲು ಬಗ್ಗಿದೆ. ಪರದೆಯ ಬೆಳಕಿನಲ್ಲಿ ಅವಳು ಪೂರ್ತಿ ನಂಬಿದವಳಂತೆ ಕಾಣುತ್ತಿದ್ದಳು.

ಅವಳ ಮದುವೆಯ ದಿನವೂ ಕರೆಂಟು ಹೋಗಿತ್ತೇ? ಯಾರು ಚಹಾಕ್ಕೆ ಎದ್ದಿದ್ದರು, ಯಾರು ಕೂತಿದ್ದರು? ಬಳೆಗಳ ಸದ್ದೆಂದು ನಾನು ಇಷ್ಟು ವರ್ಷ ನೆನೆದದ್ದು, ಕೈ ಆಡಿಸುತ್ತ ಕತೆ ಹೇಳುತ್ತಿದ್ದ ಯಾವಳೋ ಹೆಂಗಸಿನ ಕೈಯದೇ? ಇರಬಹುದು. ಸಾಕ್ಷಿ ಇಲ್ಲ.

ಹೊರಗೆ ಬಂದಾಗ ಅತ್ತೆ ಉಸಿರು ಬಿಟ್ಟು, “ಈಗ ಮದುವಿ ಮುಗೀತ್ರಿ,” ಎಂದಳು.

“ಎಲ್ಲಿ ಮುಗೀತು?” ಎಂದರು ಬೀಗಿತ್ತಿ, ಸೊಂಟದ ಮೇಲೆ ಕೈ ಇಟ್ಟು. “ನಿಮ್ಮ ಕಡಿಂದು ಆತು. ನಮ್ಮ ಕಡಿಂದು ಬ್ಯಾಡೇನು? ಜಮಖಂಡಿಗೆ ಬರ್ರಿ, ನಿಮ್ಮನ್ನೂ ನೋಡೇ ಬಿಡ್ತೇನಿ!”

ನಾವು ಜಮಖಂಡಿಗೆ ಹೋಗುವ ಹೊತ್ತಿಗೆ ಆ ಸಿನಿಮಾ ಫೋನಿಗೆ ಬಂದಿತ್ತು. ನಾನು ನೋಡಿದೆ. ನೋಡದಿರಲು ಆಗಲಿಲ್ಲ. ಅತ್ತೆ ಕುದುರೆ ಬಂತೆಂದ ಜಾಗದಲ್ಲಿ ಒಂದು ಹಾಡು ಇತ್ತು. ಕುದುರೆ ಇರಲಿ, ಕತ್ತೆಯೂ ಇರಲಿಲ್ಲ. ಬಸ್ಸಿನಲ್ಲಿ ಅತ್ತೆಗೆ ಹೇಳಿದೆ.

ಅವಳು ನನ್ನ ಫೋನನ್ನು ಕರುಣೆಯಿಂದ ನೋಡಿದಳು. “ಇಷ್ಟ ಸಣ್ಣದ್ರಾಗ ಕುದರಿ ಹಿಡಸ್ತೈತೇನಲೇ?”

ಜಮಖಂಡಿಯಲ್ಲಿ ಅಂಗಡಿ ಹೊಕ್ಕಾಗ ಬೀಗಿತ್ತಿ ಸೀರೆಗಳನ್ನು ಹರಡಿ ಕೂತು ಗಿರಾಕಿಗೆ ಹೇಳುತ್ತಿದ್ದರು: “ಬನಹಟ್ಟ್ಯಾಗ ನೋಡೇನ್ರಿ, ಕಣ್ಣಾರೆ. ಬಿಳಿ ಕುದರಿ. ಹೊಳ್ಳಿ ನೋಡ್ತು ಅಂದ್ರ ಎದಿ ಝಲ್ ಅಂತು.” ನನ್ನನ್ನು ಕಂಡು, “ಇವರೂ ಇದ್ರು, ಕೇಳ್ರಿ ಬೇಕಾದ್ರ,” ಎಂದರು. ಗಿರಾಕಿ ನನ್ನ ಕಡೆ ನೋಡಿದಳು. ನಾನು ಸೀರೆಯೊಂದರ ಅಂಚನ್ನು ಪರೀಕ್ಷಿಸತೊಡಗಿದೆ.

ಜಮಖಂಡಿಯ ಟಾಕೀಸಿನಲ್ಲಿ ಅರ್ಧ ಕುರ್ಚಿ ಖಾಲಿ. ಬೀಗಿತ್ತಿ ನನ್ನನ್ನು ತಮ್ಮಿಬ್ಬರ ನಡುವೆ ಕೂರಿಸಿದರು. ಮೊಮ್ಮಗ ನನ್ನ ತೊಡೆಯ ಮೇಲೆ ಬಂದ. ಸಿನಿಮಾ ಶುರುವಾಗಿ ಸ್ವಲ್ಪ ಹೊತ್ತಿಗೆ ಬೀಗಿತ್ತಿ ಬಾಗಿಲ ಮೇಲಿನ ದೀಪದ ಕಡೆ, ಪರದೆಯ ಕಡೆ ನೋಡಿ ಚಡಪಡಿಸತೊಡಗಿದರು. ಕರೆಂಟು ಹೋಗಲಿಲ್ಲ.

“ಅದು ಹೋಗೂದನ್ನ ಎಷ್ಟೊತ್ತು ಕಾಯೂದ್ರಿ?” ಎಂದರು ಕೊನೆಗೆ. “ಏಳ್ರಿ ಅಕ್ಕಾರ, ಚಾ ಕುಡದ ಬರೂಣು. ಮಾಸ್ತರು ಕುಂತಿರಲಿ.” ಎರಡು ಚೀಲಗಳೂ ನನ್ನ ಮಗ್ಗುಲಿಗೆ ಬಂದವು. ಇಬ್ಬರು ಮುದುಕಿಯರು ಒಬ್ಬರ ಭುಜ ಒಬ್ಬರು ಹಿಡಿದು, ನಗುತ್ತ, ನಡುಸಿನಿಮಾದಲ್ಲಿ ಎದ್ದು ಹೋದರು.

ನಾನು ಕಣ್ಣು ಕೀಲಿಸಿ ಕೂತೆ. ಎಲ್ಲವನ್ನೂ ನೋಡಿದೆ. ಇಬ್ಬರು ಒಂದು ಆಫೀಸಿನಲ್ಲಿ ಕೂತು ಮಾತಾಡಿದರು, ಒಬ್ಬ ಎದ್ದು ಹೋದ, ಇನ್ನೊಬ್ಬ ಕಿಟಕಿಯಿಂದ ನೋಡಿದ. ಅಷ್ಟೇ.

ಅವರು ಬಂದರು, ಶುಂಠಿ ಚಹಾದ ವಾಸನೆಯೊಂದಿಗೆ. ಎರಡು ಕಡೆಯಿಂದಲೂ ನನ್ನ ಮೇಲೆ ವಾಲಿದರು. “ಏನಾತು?”

“ಏನೂ ಆಗಲಿಲ್ಲರಿ,” ಎಂದೆ. ಎರಡೂ ಮುಖಗಳು ಸಪ್ಪಗಾದವು. ನನಗೆ ತಡೆಯಲಾಗಲಿಲ್ಲ. “ಒಂದು ಕುದರಿ ಬಂದಿತ್ತು.”

“ಯಾವ ಬಣ್ಣದ್ದು?” ಎಂದರು ಬೀಗಿತ್ತಿ ತಟ್ಟನೆ.

ಇಷ್ಟಾದರೂ ನನ್ನದೆಂಬುದು ಇರಲಿ ಎನಿಸಿತು. “ಕಂದು.”

ಅತ್ತೆ ನನ್ನನ್ನೇ ನೋಡಿದಳು. ಆಮೇಲೆ ನನ್ನನ್ನು ದಾಟಿ ಬೀಗಿತ್ತಿಗೆ ಹೇಳಿದಳು: “ಬಿಳೀದಽ ಇರಬೇಕ್ರಿ. ಕತ್ತಲಾಗ ಇಂವಗ ಸರಿ ಕಂಡಿಲ್ಲ.”

ಇರಬಹುದು ಎಂದೆ.